ಯಾವ ಪ್ರೊಫೆ?

ವಿಲ್ಕಿನ್ ಹಿತ್ತಲಿನ ನೀರಿನ ಡ್ರಮ್ಮಿನ ಪಕ್ಕ ನಿಂತು ಹಲ್ಲುಜ್ಜುತ್ತಿದ್ದಾಗ ಮೂಲೆಯಂಗಡಿಯ ಫೌಸ್ತೊ ಬೀದಿಯ ಆ ತುದಿಯಿಂದ ಕೂಗಿದ ಒಂದೇ ಒಂದು ಮಾತು ಅವತ್ತಿನ ಎಲ್ಲ ಪಡಿಪಾಟಲಿಗೂ ಮೂಲ.

"ಏ ಎಡಚಾ! ಪ್ರೊಫೆ ಫೋನ್ ಮಾಡಿದ್ರು ಕಣೋ! ಒಂಬತ್ತಕ್ಕೆ ಬೇಡ್ವಂತೆ. ಮಧ್ಯಾಹ್ನ ಮೂರಕ್ಕೆ ಬರ್ಬೇಕಂತೆ!"

ವಿಲ್ಕಿನ್ ಬಾಯಲ್ಲಿದ್ದ ನೊರೆಯನ್ನು ಗುಳುಂ ಎಂದು ನುಂಗಿದ.

"ಯಾವ ಪ್ರೊಫೆ?" ಎಂದು ಕೇಳುವಷ್ಟರಲ್ಲಿ ಫೌಸ್ತೊ ಯಾರಿಗೋ ಸಲಾಮಿ ಮಾಂಸ ಕತ್ತರಿಸಿಕೊಡಲು ಒಳಗೆ ಹೋಗಿಯಾಗಿತ್ತು. ಉತ್ತರವಾಗಿ ಬಂದದ್ದು ಅಂಗಡಿಯ ಸ್ಪೀಕರಿನೊಳಗೆ ಕೂತು, ಬಿಟ್ಟುಹೋದವಳಿಗಾಗಿ ಗೋಳಾಡುವ ಗಂಡಸಿನ ಹಾಡು ಮಾತ್ರ.

ಸಾನ್ ಪೆದ್ರೊ ಊರಿನಲ್ಲಿ ಲೆಕ್ಕ ಹೇಳಿಕೊಡುವವರೂ ಪ್ರೊಫೆ, ಚೆಂಡೆಸೆಯಲು ಹೇಳಿಕೊಡುವವರೂ ಪ್ರೊಫೆ. ಗಂಡಸಾದರೂ ಪ್ರೊಫೆ, ಹೆಂಗಸಾದರೂ ಪ್ರೊಫೆ. ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ಯಾಕೆಂದರೆ ಒಬ್ಬ ಹುಡುಗನಿಗೆ ಸಾಮಾನ್ಯವಾಗಿ ಒಬ್ಬರೇ ಪ್ರೊಫೆ. ಬೇಸ್‌ಬಾಲಿನ ಹುಚ್ಚು ಹತ್ತಿದವರು ಹದಿಮೂರಕ್ಕೇ ಶಾಲೆಗೆ ಬೆನ್ನು ಹಾಕುತ್ತಾರೆ, ಹತ್ತದವರು ಮೈದಾನಕ್ಕೆ. ಎರಡನ್ನೂ ಹಿಡಿದುಕೊಂಡು ನೇತಾಡುತ್ತಿದ್ದವನು ಆ ಬೀದಿಗೆಲ್ಲ ವಿಲ್ಕಿನ್ ಒಬ್ಬನೇ.

ನೇತಾಡಿಸಿದವಳು ಅಜ್ಜಿ ಕಾಸಿಲ್ದಾ. ಹದಿನೆಂಟು ತುಂಬದ ಹುಡುಗನನ್ನು ಅಮೆರಿಕದ ಕ್ಲಬ್ಬು ಸೇರಿಸಿಕೊಳ್ಳಬೇಕಾದರೆ ಮನೆಯ ಹಿರಿಯರು ಸಹಿ ಹಾಕಬೇಕು. ಅಪ್ಪನಿಲ್ಲ, ಅಮ್ಮ ಸ್ಪೇನಿನಲ್ಲಿ ಯಾರದೋ ಮನೆಯ ಮುದುಕರನ್ನು ನೋಡಿಕೊಂಡಿದ್ದಾಳೆ. ಹಾಗಾಗಿ ಸಹಿ ಅಜ್ಜಿಯದು. ಹಿಂದೆ ತನ್ನ ಕಿರಿಮಗ ವೆನೀದೊಗೆ ಹದಿನಾರಾದಾಗ ಅವಳು ಕ್ಲಬ್ಬಿನವರು ಬೆರಳು ತೋರಿಸಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿದ್ದಳು. ಮಗ ಇಪ್ಪತ್ತಕ್ಕೆ ಒಂದು ಭುಜ ಕೆಡಿಸಿಕೊಂಡು, ಏಳನೇ ತರಗತಿಯ ಓದಿನೊಂದಿಗೆ ವಾಪಸು ಬಂದ. ಈಗ ಬಾಡಿಗೆಗೆ ಮೋಟಾರ್‌ಬೈಕು ಓಡಿಸುತ್ತಾನೆ. ಆಮೇಲೆ ಅಜ್ಜಿ ಚರ್ಚಿನ ಹೆಂಗಸರ ಜೊತೆ ಕೂತು ತನ್ನ ಹೆಸರು ಬರೆಯುವುದನ್ನು ಕಲಿತಳು. ಆ ಹೆಸರನ್ನು ಇನ್ನೂ ಯಾವ ಕಾಗದಕ್ಕೂ ಕೊಟ್ಟಿರಲಿಲ್ಲ.

"ಲೆಕ್ಕದಲ್ಲಿ ಪಾಸಾಗು, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಫೇಲಾದ್ಯೋ, ಆ ಕ್ಲಬ್ಬಿನ ಯಜಮಾನನೇ ಬಂದು ಕಾಲಿಗೆ ಬಿದ್ರೂ ನನ್ನ ಕೈ ಏಳಲ್ಲ" ಎಂದಿದ್ದಳು.

ವಿಲ್ಕಿನ್ ಫೇಲಾಗಿದ್ದ. ಉಳಿದದ್ದು ಮರುಪರೀಕ್ಷೆ, ಅದು ಇವತ್ತು ಬೆಳಿಗ್ಗೆ ಒಂಬತ್ತಕ್ಕೆ. ಅಮೆರಿಕದ ಕ್ಲಬ್ಬಿನ ಆಯ್ಕೆದಾರ ಮೈದಾನಕ್ಕೆ ಬರುವುದೂ ಇವತ್ತೇ, ಒಂಬತ್ತಕ್ಕೇ. ಹದಿನಾರಕ್ಕೇ ಹುಡುಗರನ್ನು ಆರಿಸಿಕೊಂಡು ಹೋಗುವ ಊರಿನಲ್ಲಿ ಹದಿನೇಳರ ಎಸೆತಗಾರನೆಂದರೆ ಹೆಚ್ಚೂ ಕಡಿಮೆ ಮುದುಕ. ಇನ್ನೊಬ್ಬ ಆಯ್ಕೆದಾರ ಇವನಿಗಾಗಿ ಬರುವ ನೆಚ್ಚಿಕೆಯಿಲ್ಲ.

ಹಿಂದಿನ ಸಂಜೆ ಅವನು ಇಬ್ಬರ ಬಳಿಯೂ ಹೋಗಿ ಗೋಗರೆದಿದ್ದ. ಲೆಕ್ಕದ ಪ್ರೊಫೆ ನೆರೇಯ್ದಾ ಕನ್ನಡಕದ ಮೇಲಿಂದ ನೋಡಿ, "ಬೀಜಗಣಿತ ನಿನ್ನ ಚೆಂಡಿಗೋಸ್ಕರ ಕಾಯಲ್ಲ" ಎಂದಿದ್ದರು. ಚೆಂಡಿನ ಪ್ರೊಫೆ ಚಾಗೊ ಬಾಯಲ್ಲಿದ್ದ ಸೀಟಿ ತೆಗೆದು, "ಆಯ್ಕೆದಾರ ಏನು ನಿನ್ನ ಮಾವನೇನೋ, ಕಾಯಕ್ಕೆ?" ಎಂದಿದ್ದರು. ಈಗ ನೋಡಿದರೆ ರಾತ್ರಿಯ ಯಾವುದೋ ಹೊತ್ತಿನಲ್ಲಿ ಇಬ್ಬರಲ್ಲಿ ಒಬ್ಬರು ಕರಗಿದ್ದಾರೆ. ದೇವರೇ ಇಳಿದುಬಂದು ಒಂದು ಬಾಗಿಲು ತೆರೆದಿದ್ದಾನೆ. ಆದರೆ ಯಾವ ಬಾಗಿಲೆಂದು ಹೇಳದೆ ಹೊರಟುಹೋಗಿದ್ದಾನೆ.

ವಿಲ್ಕಿನ್ ಅಂಗಡಿಗೆ ಓಡಿದ.

"ಗಂಡಸಿನ ದನಿಯೋ ಹೆಂಗಸಿನದೋ, ದೋನ್ ಫೌಸ್ತೊ?"

"ಗಂಟಲು ಒಡೆದಿತ್ತಪ್ಪ. ಕೂಗಿ ಕೂಗಿ ಹರಿದುಹೋದ ಗಂಟಲು."

ಇದರಿಂದ ಏನೂ ಇತ್ಯರ್ಥವಾಗಲಿಲ್ಲ. ಇಬ್ಬರ ಗಂಟಲೂ ಹಾಗೇ. ಹಾಗೆ ಮಾಡಿದ್ದರಲ್ಲಿ ವಿಲ್ಕಿನ್‌ನದೂ ಪಾಲಿತ್ತು.

"ಇನ್ನೇನಂದ್ರು?"

"ತಲೆ ತಣ್ಣಗಿಟ್ಕೊಂಡು ಬಾ ಅಂದ್ರು."

ಅಂಗಡಿಯ ಒಳಗಿನಿಂದ ಫೌಸ್ತೊನ ಹೆಂಡತಿ ಮಿರೆಯಾ ಬಾಳೆಕಾಯಿ ಗೊನೆ ಹೊತ್ತುಕೊಂಡು ಬಂದಳು. "ತಲೆ ಅಲ್ಲ ರೀ, ಕೈ! ಕೈ ಚುರುಕಾಗಿರ್ಲಿ ಅಂದ್ರು. ನಾನೂ ಕೇಳಿಸ್ಕೊಂಡಿದೀನಿ, ಇದೇ ಕಿವೀಲಿ."

"ತಲೆ ಕಣೇ."

"ಕೈ. ಇಪ್ಪತ್ತು ವರ್ಷದಿಂದ ನಾನು ಹೇಳಿದ್ದೊಂದು, ನೀವು ಕೇಳಿಸ್ಕೊಳ್ಳೋದೊಂದು. ಫೋನಿನಲ್ಲಿ ಮಾತ್ರ ಸರಿಯಾಗಿ ಕೇಳ್ಸುತ್ತಾ?"

ದೋಮಿನೊ ಮೇಜಿನ ಸುತ್ತ ಕೂತಿದ್ದವರು ಆಟ ನಿಲ್ಲಿಸಿ ಈ ಕಡೆ ತಿರುಗಿದರು. ಗಂಡಹೆಂಡಿರ ಜಗಳ ಎಂದಿನದಾದರೂ ಎಡಚನ ಭವಿಷ್ಯ ಹೊಸ ವಿಷಯ.

"ತಲೆ ತಣ್ಣಗೆ ಅಂದ್ರೆ ಲೆಕ್ಕದ ಪ್ರೊಫೆ" ಎಂದ ಒಬ್ಬ. "ಪರೀಕ್ಷೆಗೆ ತಾನೆ ತಲೆ ಬೇಕಾಗೋದು?"

"ಎಸೆಯೋನಿಗೂ ಮೊದಲು ಬೇಕಾಗಿರೋದು ತಣ್ಣಗಿರೋ ತಲೆ ಕಣೋ. ಚಾಗೊ ಬೆಳಗ್ಗಿಂದ ಸಂಜೆವರೆಗೂ ಅದನ್ನೇ ಅರಚ್ತಾರೆ."

"ಕೈ ಅಂದ್ರಂತಲ್ಲ. ಕೈ ಚೆಂಡಿಂದು."

"ಮತ್ತೆ ಪರೀಕ್ಷೇನ ಕಾಲಲ್ಲಿ ಬರೀತಾರಾ?"

ನೆರೇಯ್ದಾ ತಮ್ಮ ಮದುವೆಯ ದಿನವೂ ಎಂಟರ ತರಗತಿ ಮುಗಿಸಿಯೇ ಚರ್ಚಿಗೆ ಹೋದವರು, ಅವರು ಪರೀಕ್ಷೆ ಮುಂದೂಡುವುದುಂಟೇ ಎಂದು ಒಂದು ಬಣ. ಆಯ್ಕೆದಾರನಿಗೆ ಇನ್ನೂ ನಾಲ್ಕು ಊರು ಬಾಕಿಯಿರುವಾಗ ಚಾಗೊ ಅವನನ್ನು ಮೂರರವರೆಗೆ ಹೇಗೆ ಹಿಡಿದಿಡುತ್ತಾರೆ ಎಂದು ಇನ್ನೊಂದು ಬಣ. ತಿರುಗಿ ಫೋನ್ ಮಾಡೋಣವೆಂದರೆ, ರಾತ್ರಿಯೆಲ್ಲ ಕರೆಂಟಿಲ್ಲದ್ದರಿಂದ ಚಾಗೊ ಅವರ ಮೊಬೈಲು ಅಷ್ಟರಲ್ಲಿ ಸತ್ತುಹೋಗಿತ್ತು. ನೆರೇಯ್ದಾ ತಮ್ಮ ನಂಬರನ್ನು ಹುಡುಗರಿಗೆ ಕೊಡುವವರೇ ಅಲ್ಲ. ಅಜ್ಜಿಯನ್ನು ಕೇಳೋಣವೆಂದರೆ ಅವಳು ಬಾಣಲೆ ಎತ್ತಿಕೊಂಡು ನಸುಕಿನಲ್ಲೇ ಬಸ್‌ಸ್ಟ್ಯಾಂಡಿಗೆ ವಡೆ ಕರಿಯಲು ಹೋಗಿದ್ದಳು.

ಆಗ ಚಿಕ್ಕಪ್ಪ ವೆನೀದೊ ಮೋಟಾರ್‌ಬೈಕು ತಂದು ಅಂಗಡಿಯೆದುರು ನಿಲ್ಲಿಸಿದ. ಕೆಟ್ಟ ಭುಜ ಒಂದು ಕಡೆ ವಾಲಿದ್ದರಿಂದ ಅವನು ಸದಾ ಯಾವುದೋ ತಿರುವಿನಲ್ಲಿರುವಂತೆ ಕಾಣುತ್ತಿದ್ದ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಶಾಲೆಗೆ ಗೇಟಿದೆ, ಮುಚ್ತಾರೆ. ಮೈದಾನಕ್ಕೆ ಗೇಟಿಲ್ಲ. ಮೊದ್ಲು ಗೇಟಿರೋ ಕಡೆ ಹೋಗಣ, ಹತ್ತು."

ಅಂಥ ಗಲಿಬಿಲಿಯಲ್ಲಿ ಇದು ಬಹಳ ದೊಡ್ಡ ವಿವೇಕದಂತೆ ಕೇಳಿಸಿತು. ವಿಲ್ಕಿನ್ ಮನೆಗೆ ನುಗ್ಗಿ ಆಟದ ಬಟ್ಟೆಯ ಮೇಲೆಯೇ ಶಾಲೆಯ ಖಾಕಿ ಪ್ಯಾಂಟು, ನೀಲಿ ಅಂಗಿ ಏರಿಸಿಕೊಂಡ. ಒಂದು ಜೇಬಿನಲ್ಲಿ ಪೆನ್ಸಿಲು, ಕಂಕುಳಲ್ಲಿ ಗ್ಲೌಸು. ಮಳೆ ಬಂತೆಂದು ಅವಸರದಲ್ಲಿ ಬಾಚಿ ತಂದ ಬಟ್ಟೆಗಂಟಿನ ಹಾಗೆ ಬೈಕಿನ ಹಿಂದೆ ಕೂತ.

ಮುಖ್ಯರಸ್ತೆಯ ತಿರುವಿನಲ್ಲಿ ಬೆಣ್ಣೆಹಣ್ಣು ಮಾರುವ ಹೆಂಗಸು ಕೈಯೆತ್ತಿ ಕೂಗಿದಳು. "ಎಡಚಾ, ಎಲ್ಲಿಗೋ ಹೊರಟೆ ಆ ಕಡೆ? ಪ್ರೊಫೆ ಈಗ್ತಾನೆ ಮೈದಾನದ ಕಡೆ ಹೋದ್ರು! ಬಿರಬಿರನೆ ಹೋದ್ರಪ್ಪ, ಕರೆದ್ರೂ ತಿರುಗಿ ನೋಡ್ಲಿಲ್ಲ."

"ಚಿಕ್ಕಪ್ಪಾ, ತಿರುಗ್ಸು!" ವಿಲ್ಕಿನ್ ಚಿಕ್ಕಪ್ಪನ ಒಳ್ಳೆಯ ಭುಜ ಹಿಡಿದು ಅಲುಗಾಡಿಸಿದ. ಚಾಗೊ ಮೈದಾನಕ್ಕೆ ಹೋಗಿದ್ದಾರೆಂದರೆ ಆಯ್ಕೆ ನಡೆಯುವುದು ಒಂಬತ್ತಕ್ಕೇ. ಮುಂದೂಡಿದ್ದು ಪರೀಕ್ಷೆ. ನೆರೇಯ್ದಾ ಕರಗಿದ್ದಾರೆ! ಜನ್ಮದಲ್ಲಿ ಮೊದಲ ಬಾರಿ ಅವನಿಗೆ ಬೀಜಗಣಿತದ ಮೇಲೆ ಪ್ರೀತಿ ಉಕ್ಕಿತು. ಬೈಕು ಓಡುತ್ತಿದ್ದ ಹಾಗೆಯೇ ನೀಲಿ ಅಂಗಿ ಕಿತ್ತು ಸೊಂಟಕ್ಕೆ ಸುತ್ತಿಕೊಂಡ.

ಕಬ್ಬಿನ ಗದ್ದೆಗಳು ಮುಗಿಯುವ ಕಡೆ ಮೈದಾನ. ಬೈಕಿನಿಂದ ಧುಮುಕಿ ಓಡಿದವನು ಬಾದಾಮಿ ಮರ ಕಾಣುತ್ತಲೇ ಗಕ್ಕನೆ ನಿಂತ. ಮರದ ಕೆಳಗೆ ಚಾಗೊ ಇರಲಿಲ್ಲ, ಆಯ್ಕೆದಾರನೂ ಇರಲಿಲ್ಲ. ನೇರಳೆ ಬಣ್ಣದ ಕೊಡೆ ಬಿಚ್ಚಿಕೊಂಡು, ಕೈಚೀಲವನ್ನು ಎದೆಗವುಚಿಕೊಂಡು ನಿಂತಿದ್ದವರು ಸಾಕ್ಷಾತ್ ನೆರೇಯ್ದಾ.

ಆ ಕೊಡೆ ಶಾಲೆಯ ವರಾಂಡದಲ್ಲಿ ಕಂಡರೇ ಹುಡುಗರು ಕಂಬದ ಹಿಂದೆ ಸರಿಯುತ್ತಿದ್ದರು. ಬಯಲಿನಲ್ಲಿ ಕಂಡರೆ ಹೇಗಾಗಬೇಡ? ವಿಲ್ಕಿನ್ ಪಕ್ಕದ ಕಬ್ಬಿನೊಳಕ್ಕೆ ಬಿದ್ದ. ಅರ್ಧ ಬೆಳೆದ ಕಬ್ಬು. ಇವನು ಪೂರ್ತಿ ಬೆಳೆದ ಹುಡುಗ. ಗಲ್ಲ ಮೊಣಕಾಲಿಗೆ ತಾಗುವಂತೆ ಮುದುಡಿ ಕೂತರೂ ತಲೆ ಹೊರಗೆ ಕಾಣುತ್ತಿತ್ತು. ಕೊನೆಗೆ ಬೋರಲು ಮಲಗಿದ.

ಅಂದರೆ ಪರೀಕ್ಷೆ ಒಂಬತ್ತಕ್ಕೇ. ಇವನು ಚೆಂಡಿನ ಹಿಂದೆ ಹೋಗಿರುತ್ತಾನೆಂದು ಊಹಿಸಿ, ಹಿಡಿದೊಯ್ಯಲು ಖುದ್ದು ಬಂದಿದ್ದಾರೆ!

"ವಿಲ್ಕಿನ್!" ಎಂದು ಅವರು ಹಾಜರಿ ಕರೆಯುವ ದನಿಯಲ್ಲಿ ಮೈದಾನವನ್ನೆಲ್ಲ ಒಮ್ಮೆ ಕರೆದರು.

ಹನ್ನೊಂದು ವರ್ಷದ ಅಭ್ಯಾಸ. ಅವನ ಬಾಯಿ ತಾನಾಗಿ "ಇದೀನಿ" ಎನ್ನಲು ತೆರೆದುಕೊಂಡಿತು. ಕಬ್ಬಿನ ಗರಿಯೊಂದನ್ನು ಕಚ್ಚಿ ಅದನ್ನು ತಡೆದ. ನೆರೇಯ್ದಾ ವಾಚು ನೋಡಿಕೊಂಡರು, ಕರ್ಚೀಫಿನಿಂದ ಹಣೆ ಒರೆಸಿಕೊಂಡರು, ಮತ್ತೆ ದಾರಿ ನೋಡಿದರು. ಹೋಗುವ ಲಕ್ಷಣ ಕಾಣಲಿಲ್ಲ. ವಿಲ್ಕಿನ್ ಮೊಣಕೈ ಊರಿಕೊಂಡು ತೆವಳಿ, ರಸ್ತೆ ಸೇರಿ, ಬೈಕು ಹತ್ತಿದ.

"ಶಾಲೆಗೆ, ಚಿಕ್ಕಪ್ಪಾ! ಅವರು ವಾಪಸು ಬರೋಷ್ಟ್ರಲ್ಲಿ ಬೆಂಚ್ ಮೇಲೆ ಕೂತಿರ್ಬೇಕು ನಾನು!"

"ಅಲ್ಲಿ ಪ್ರೊಫೆ ಇರ್ಲಿಲ್ವೇನೋ?"

"ಇದ್ರು! ಅದಕ್ಕೇ!"

ವೆನೀದೊ ಏನೂ ಅರ್ಥವಾಗದೆ ಗಾಡಿ ತಿರುಗಿಸಿದ. ಅರ್ಥ ಮಾಡಿಕೊಳ್ಳದೆ ಗಾಡಿ ಓಡಿಸುವುದು ಅವನ ಕಸುಬು. ಹೋಗುವಾಗ ಅಡುಗೆ ಗ್ಯಾಸಿನ ಸಿಲಿಂಡರು ಹೊತ್ತ ಗಿರಾಕಿಯೊಬ್ಬಳು ಅಡ್ಡ ಹಾಕಿದಳು. ಕೆಲಸ ಕೆಲಸವೇ. ವಿಲ್ಕಿನ್ ಸಿಲಿಂಡರನ್ನು ಅವುಚಿಕೊಂಡು, ಅವಳು ವಿಲ್ಕಿನ್‌ನನ್ನು ಅವುಚಿಕೊಂಡು, ಮೂವರೂ ಶಾಲೆಯ ಗೇಟಿನ ಮುಂದೆ ಬಂದು ನಿಂತರು. ಅವನು ನೀಲಿ ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಳ್ಳುತ್ತ ಒಳಗೆ ಓಡಿದ.

"ಬೇಗ ಹೋಗೋ, ಪ್ರೊಫೆ ಆಗ್ಲಿಂದ ಒಳಗೆ ಕಾಯ್ತಾ ಇದಾರೆ" ಎಂದ ಕಾವಲುಗಾರ.

ಇಷ್ಟು ಬೇಗ ಹೇಗೆ ಬಂದರು? ವಿಲ್ಕಿನ್ ಕಿಟಕಿಯಿಂದ ಇಣುಕಿದ. ಖಾಲಿ ಕೋಣೆಯ ಮುಂದಿನ ಬೆಂಚಿನಲ್ಲಿ, ಎಳೆಯರಿಗೆಂದು ಮಾಡಿದ ಆ ಇಕ್ಕಟ್ಟಿನಲ್ಲಿ ಮೊಣಕಾಲು ತುರುಕಿಕೊಂಡು, ಟೋಪಿಯನ್ನು ಕೈಯಲ್ಲಿ ಹಿಡಿದು, ಕರಿಹಲಗೆಯ ಮೇಲೆ ನಿನ್ನೆ ಬರೆದಿದ್ದ ಸಮೀಕರಣವನ್ನು ಚರ್ಚಿನಲ್ಲಿ ಕೂತವರ ಭಯಭಕ್ತಿಯಿಂದ ನೋಡುತ್ತಿದ್ದವರು ಚಾಗೊ.

"ನಮ್ಮ ಎಡಚ ಬಂದ್ನೇನಪ್ಪಾ?" ಎಂದು ಅವರು ಬಾಗಿಲ ಕಡೆ ತಿರುಗಿ ಕೇಳಿದರು. ಚಾಗೊ "ನೀರು ಕೊಡಿ" ಎಂದರೂ ಬೈದಂತೆಯೇ ಕೇಳಿಸುತ್ತಿತ್ತು.

ವಿಲ್ಕಿನ್ ನೀರಿನ ಟ್ಯಾಂಕಿನ ಹಿಂದೆ ಅಡಗಿದ. ಈಗ ಅವನಿಗೆ ಎಲ್ಲ ಹೊಳೆದುಹೋಯಿತು. ಇವರೂ ಹುಡುಕಿಕೊಂಡು ಬಂದಿದ್ದಾರೆಂದರೆ ಆಯ್ಕೆಯೂ ಒಂಬತ್ತಕ್ಕೇ. ಫೋನಿನ ಮಾತೇ ಸುಳ್ಳು. ಯಾರೋ ಆಗದವರು ಆಟ ಕಟ್ಟಿದ್ದಾರೆ. ಇವನು ಎರಡು ದೋಣಿಯಲ್ಲಿ ಕಾಲಿಟ್ಟಿದ್ದು ಇಬ್ಬರಿಗೂ ಗೊತ್ತಾಗಿದೆ. ಅವರು ಕಿವಿ ಹಿಂಡಲು ಅಲ್ಲಿಗೆ ಹೋಗಿದ್ದಾರೆ, ಇವರು ಕಿವಿ ಹಿಂಡಲು ಇಲ್ಲಿಗೆ ಬಂದಿದ್ದಾರೆ. ಇವನಿಗಿರುವುದೂ ಎರಡೇ ಕಿವಿ. ಗಂಟೆ ಒಂಬತ್ತು ದಾಟಿತ್ತು. ಪರೀಕ್ಷೆಯೂ ಹೋಯಿತು, ಆಯ್ಕೆಯೂ ಹೋಯಿತು. ಹಿಂದಿನ ಗೋಡೆ ಹಾರಿ ಮನೆಗೆ ನಡೆದ.

ಅಜ್ಜಿ ಮಧ್ಯಾಹ್ನ ಬಾಣಲೆ ಹೊತ್ತುಕೊಂಡು ಬಂದಾಗ ಅವನು ಹಿತ್ತಲಿನ ಮಾವಿನ ಮರಕ್ಕೆ ಒರಗಿ ಕೂತಿದ್ದ. ಕೂದಲಲ್ಲಿ ಕಬ್ಬಿನ ಸಿಪ್ಪೆ, ಅಂಗಿಯ ಮೇಲೆ ಗ್ಯಾಸ್ ಸಿಲಿಂಡರಿನ ತುಕ್ಕು. ಅಜ್ಜಿ ಅನ್ನಕ್ಕೆ ಕಾಳಿನ ಸಾರು ಬಿಟ್ಟು, ಮೇಲೊಂದು ಕರಿದ ಬಾಳೆಹಣ್ಣಿಟ್ಟು ತಂದು ಅವನ ತೊಡೆಯ ಮೇಲಿಟ್ಟಳು. ಅವನು ತಿನ್ನಲಿಲ್ಲ.

"ಎರಡೂ ಹೋಯ್ತಜ್ಜಿ."

"ಏನೇನು?"

ಹೇಳಿದ. ಅಡಗಿದ್ದು, ತೆವಳಿದ್ದು, ಗೋಡೆ ಹಾರಿದ್ದು ಎಲ್ಲವನ್ನೂ. ಅಜ್ಜಿ ಅವನ ಕೂದಲಿನಿಂದ ಕಬ್ಬಿನ ಸಿಪ್ಪೆ ಹೆಕ್ಕುತ್ತ ಕೇಳಿಸಿಕೊಂಡಳು.

"ನಿಮ್ಮ ಚಿಕ್ಕಪ್ಪ ವಾಪಸ್ ಬಂದ ದಿನಾನೂ ಇಲ್ಲೇ ಕೂತಿದ್ದ" ಎಂದಳು. "ತಗಡಿನ ಹಾಗೆ ಬಿಸಿಯಾಗಿತ್ತು ಭುಜ. 'ಅಮ್ಮಾ, ಆ ಕಾಗದದಲ್ಲಿ ಏನು ಬರ್ದಿತ್ತು? ಭುಜ ಕೆಟ್ರೆ ಅವರು ನೋಡ್ಕೋತಾರೆ ಅಂತಿತ್ತಾ?' ಅಂದ. ನನಗೇನ್ ಗೊತ್ತು ಮಗಾ? ಬೆರಳು ತೋರ್ಸಿದ್ರು, ಒತ್ತಿದೆ. ಅದಕ್ಕೇ ನಿನ್ನ ಹಿಂಡ್ತೀನಿ. ಚೆಂಡಿನ ಮೇಲೆ ನನಗೇನ್ ದ್ವೇಷ ಇಲ್ಲ. ನೀನು ಎಸೆಯೋವಾಗ ಕಿಟಕಿಯಿಂದ ನೋಡ್ತೀನಿ ನಾನು, ನಿನಗೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಅನ್ನದ ಮೇಲೆ ಕಣ್ಣೀರು ಬೀಳುವುದರೊಳಗೆ ತಟ್ಟೆಯನ್ನು ಪಕ್ಕಕ್ಕಿಟ್ಟ.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲ ಕೇಳಿಸಿತು. ಮೇಲಿನ ತುದಿಯಿಂದ ನೇರಳೆ ಕೊಡೆ ಬರುತ್ತಿತ್ತು. ಕೆಳಗಿನ ತುದಿಯಿಂದ ಚಾಗೊ ಅವರ ಟೋಪಿ ಬರುತ್ತಿತ್ತು. ಎರಡೂ ಫೌಸ್ತೊನ ಅಂಗಡಿಯೆದುರು ಸಂಧಿಸಿದವು. ಅಜ್ಜಿ ಮೊಮ್ಮಗನ ರಟ್ಟೆ ಹಿಡಿದು ಹೊರಗೆ ಎಳೆತಂದಳು.

"ಎಲ್ಲಿ ಸತ್ತಿದ್ಯೋ?" ಎಂದರು ಚಾಗೊ. "ಬೆಳಗ್ಗೆಯಿಂದ ಆ ಗೊಂಬೆ ಬೆಂಚಿನಲ್ಲಿ ಕೂತು ಸೊಂಟ ಹಿಡ್ಕೊಂಡಿದೆ! ಪರೀಕ್ಷೆ ಬರೆಯೋದನ್ನ ಕಣ್ಣಾರೆ ನೋಡಿ, ಧೈರ್ಯ ಹೇಳಿ ಹೋಗಣ ಅಂತ ಬಂದ್ರೆ ನೀನೂ ಇಲ್ಲ, ಪರೀಕ್ಷೆ ಮಾಡೋರೂ ಇಲ್ಲ! ಆಯ್ಕೆದಾರರ ಕೈಕಾಲು ಹಿಡಿದು ಮೂರಕ್ಕೆ ಮುಂದೂಡ್ಸಿದ್ದು ಯಾಕೆ ಅಂತ?"

ನೆರೇಯ್ದಾ ಕೊಡೆ ಮುಚ್ಚಿದರು. "ನೀವು ಮುಂದೂಡಿದ್ರಾ?"

"ಹೌದಮ್ಮಾ. ಹುಡುಗ ನಿಮ್ಮ ಪರೀಕ್ಷೆ ಬರೀಲಿ ಅಂತ."

"ಮತ್ತೆ ನಾನು ಮುಖ್ಯೋಪಾಧ್ಯಾಯರ ಹತ್ರ ಜಗಳ ಆಡಿ ಪರೀಕ್ಷೇನ ಮೂರಕ್ಕೆ ಹಾಕಿಸ್ಕೊಂಡಿದ್ದು? ಇವನು ಎಸೆಯೋದನ್ನ ಒಂದ್ಸಲ ನೋಡೋಣ ಅಂತ ಆ ಬಿಸಿಲಲ್ಲಿ ಗಂಟೆಗಟ್ಟಲೆ ನಿಂತಿದ್ದು?"

ಮಿರೆ­ಯಾ ಮೆಲ್ಲಗೆ ಗಂಡನ ಕಡೆ ತಿರುಗಿದಳು.

"ನೀವು ಫೋನ್ ಎತ್ತಿದ್ದು ಯಾವಾಗ ರೀ?"

"ಬಾಗಿಲು ತೆಗೆದ ತಕ್ಷಣ."

"ನಾನು ಎತ್ತಿದ್ದು ಕಾಫಿ ಆದ್ಮೇಲೆ" ಎಂದಳು ಮಿರೆಯಾ. "ಅಯ್ಯೋ ತಾಯೀ, ಎರಡು ಫೋನು ಬಂದಿದೆ. ಅದು ತಲೆ, ಇದು ಕೈ."

ವಿಲ್ಕಿನ್ ಇಬ್ಬರನ್ನೂ ನೋಡಿದ. ನಿನ್ನೆ ಸಂಜೆ ಎರಡೂ ಒಂಬತ್ತಕ್ಕಿದ್ದವು. ಇವತ್ತು ಎರಡೂ ಮೂರಕ್ಕಿವೆ. ಪ್ರಪಂಚವೆಲ್ಲ ಸೇರಿ ಅವನ ಮೇಲಿಟ್ಟ ಪ್ರೀತಿಯಿಂದ ಅವನ ಸ್ಥಿತಿಯಲ್ಲಿ ಆದ ಸುಧಾರಣೆ ಇಷ್ಟು. ಗಂಟೆ ಆಗಲೇ ಎರಡೂವರೆ.

"ನಡಿ, ಪರೀಕ್ಷೆಗೆ ಹೋಗು" ಎಂದರು ಚಾಗೊ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು. "ಆಯ್ಕೆದಾರರಿಗೆ ನಾನೇನಾದ್ರೂ ಹೇಳ್ಕೋತೀನಿ."

"ಏನೂ ಬೇಡ, ಮೈದಾನಕ್ಕೆ ಹೋಗು" ಎಂದರು ನೆರೇಯ್ದಾ. "ಲೆಕ್ಕ ಎಲ್ಲೂ ಓಡಿ ಹೋಗಲ್ಲ."

"ಅಮ್ಮಾ, ನೀವು ಹಾಗನ್ನಬಾರ್ದು. ಓದು ಮುಖ್ಯ."

"ನೀವು ಹೀಗನ್ನಬಾರ್ದು. ಇಂಥ ಕೈ ಎಲ್ಲರಿಗೂ ಇರುತ್ತಾ?"

ನಿನ್ನೆ ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದಿದ್ದರು. ಇವತ್ತು ಇಬ್ಬರೂ ಎದುರು ಕಡೆಗೆ ದಬ್ಬುತ್ತಿದ್ದರು. ಎಳೆದಾಟಕ್ಕಿಂತ ಈ ದಬ್ಬಾಟ ಹೆಚ್ಚು ನೋಯಿಸುತ್ತದೆಂದು ವಿಲ್ಕಿನ್‌ಗೆ ಅವತ್ತು ಗೊತ್ತಾಯಿತು. ದೋಮಿನೊ ಮೇಜಿನವರು ಕೈಯೆತ್ತಿ ಮತ ಹಾಕಲು ಶುರುಮಾಡಿದರು.

"ಸಾಕು" ಎಂದಳು ಅಜ್ಜಿ. "ಪರೀಕ್ಷೆ ಬರೆಯೋದು ಬೆಂಚಿನ ಮೇಲೆ ತಾನೆ? ಮೈದಾನದಲ್ಲಿ ಬೆಂಚಿಲ್ವಾ?"

ನೆರೇಯ್ದಾ ಹುಬ್ಬು ಗಂಟಿಕ್ಕಿ ಯೋಚಿಸಿದರು. "ನಿಯಮದ ಪ್ರಕಾರ ನಾನಿರಬೇಕು, ಯಾರೂ ನಕಲು ಮಾಡಿಸಬಾರದು. ಅಷ್ಟೆ."

"ನಕಲಾ?" ಎಂದರು ಚಾಗೊ. "ಅಲ್ಲಿ ಯಾರಿಗೆ ಬರುತ್ತಮ್ಮಾ ಬೀಜಗಣಿತ?"

ಬೀದಿಗೆ ಬೀದಿಯೇ ಮೈದಾನಕ್ಕೆ ಹೊರಟಿತು. ಫೌಸ್ತೊ ಅಂಗಡಿ ಮುಚ್ಚಿದ. ಇಂಥದ್ದು ಹಿಂದೆ ಚಂಡಮಾರುತ ಬಂದಾಗ ಮಾತ್ರ ಆಗಿತ್ತು.

ಆಯ್ಕೆದಾರ ಒಣಹುಲ್ಲಿನ ಟೋಪಿಯ ನಡುವಯಸ್ಸಿನ ಮನುಷ್ಯ. ರಾಜಧಾನಿಯವನು, ಸಂಬಳ ಮಾತ್ರ ಅಮೆರಿಕದ್ದು. ವೇಗ ಅಳೆಯುವ ಯಂತ್ರ ಹಿಡಿದು ಕೂತಿದ್ದವನು, ಕೊಡೆ ಹಿಡಿದ ಹೆಂಗಸೊಬ್ಬಳು ಆಟಗಾರರ ಬೆಂಚಿನ ಮೇಲೆ ಪ್ರಶ್ನೆಪತ್ರಿಕೆ ಹಾಸಿ, ಅದು ಹಾರದಂತೆ ನಾಲ್ಕು ಮೂಲೆಗೂ ಚೆಂಡಿಟ್ಟದ್ದನ್ನು ನೋಡಿ ಬೆರಗಾದ. ಸರದಿಗೆ ಕಾಯುತ್ತಿದ್ದ ಮೂವತ್ತು ಹುಡುಗರು ಕಿಸಕ್ಕೆಂದರು.

"ಪರೀಕ್ಷೆ ನಡೀತಿದೆ" ಎಂದರು ನೆರೇಯ್ದಾ, ದನಿ ಏರಿಸದೆ. "ಮಾತು ನಿಲ್ಲಿಸಿ."

ಮೂವತ್ತು ಬಾಯಿಗಳು ಒಟ್ಟಿಗೆ ಮುಚ್ಚಿದವು. ಮೈದಾನದ ಆಚೆ ಕಬ್ಬು ಅಲುಗುವುದು ಕೇಳಿಸಿತು. ಆಯ್ಕೆದಾರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ವಿಲ್ಕಿನ್ ಒಂದು ಲೆಕ್ಕ ಮಾಡುವುದು, ಕರೆದಾಗ ಎಸೆತಗಾರನ ದಿಬ್ಬದ ಮೇಲೆ ಹೋಗಿ ಎಸೆಯುವುದು, ಮತ್ತೆ ಬಂದು ಪೆನ್ಸಿಲು ಹಿಡಿಯುವುದು. ಮೊದಮೊದಲು ತಲೆಯಲ್ಲಿದ್ದ ಸಮೀಕರಣ ತೋಳಿಗಿಳಿದು ಚೆಂಡು ಎಲ್ಲೆಲ್ಲೋ ಹೋಯಿತು. ಒಂದು ನೇರ ಬಂದು ನೇರಳೆ ಕೊಡೆಗೆ ಬಡಿದು ಕಡ್ಡಿ ಮುರಿಯಿತು. ನೆರೇಯ್ದಾ ಕದಲಲಿಲ್ಲ. "ಅವಸರ. ನಾಲ್ಕನೇ ಲೆಕ್ಕದಲ್ಲೂ ಇದೇ ತಪ್ಪು ಮಾಡಿದೀಯ" ಎಂದರಷ್ಟೆ. ಅವನು ಉಸಿರೆಳೆದುಕೊಂಡ. ಮುಂದಿನ ಎಸೆತ ಹಿಡಿಯುವವನ ಗ್ಲೌಸಿನಲ್ಲಿ ಬಾಗಿಲು ಬಡಿದ ಹಾಗೆ ಸದ್ದು ಮಾಡಿತು. ಅದರ ಮುಂದಿನದೂ. ಅಜ್ಜಿ ಸೆರಗಿಲ್ಲದ ಊರಿನಲ್ಲಿ ಕೈವಸ್ತ್ರವನ್ನೇ ಬಾಯಿಗೊತ್ತಿಕೊಂಡಳು.

ಇತ್ತ, ಸುಮ್ಮನೆ ಕೂತು ಗೊತ್ತಿಲ್ಲದ ನೆರೇಯ್ದಾ ಕಾಯುತ್ತಿದ್ದ ಹುಡುಗರತ್ತ ತಿರುಗಿದ್ದರು. "ನೀನು ಹತ್ತು ಎಸೆತದಲ್ಲಿ ಮೂರು ಹೊಡೀತೀಯ. ಅವನು ಹದಿನಾಲ್ಕರಲ್ಲಿ ನಾಲ್ಕು. ಯಾರು ಮೇಲು?" ಹುಡುಗರು ಕುಕ್ಕರಗಾಲಿನಲ್ಲಿ ಕೂತು ಬ್ಯಾಟಿನ ತುದಿಯಿಂದ ಮಣ್ಣಿನ ಮೇಲೆ ಭಾಗಾಕಾರ ಮಾಡತೊಡಗಿದರು. ಶಾಲೆ ಬಿಟ್ಟು ನಾಲ್ಕು ವರ್ಷವಾದವನೊಬ್ಬ "ನಾನೇ, ಪ್ರೊಫೆ, ನಾನೇ ಮೇಲು!" ಎಂದು ಕುಣಿದ. ಆಯ್ಕೆದಾರ ಯಂತ್ರವನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತಿದ್ದ.

ಬಿಸಿಲಿಳಿಯುವ ಹೊತ್ತಿಗೆ ಎಲ್ಲ ಮುಗಿಯಿತು. ನೆರೇಯ್ದಾ ಅಲ್ಲೇ ಉತ್ತರ ತಿದ್ದಿದರು. ಪಾಸಾಗಲು ಎಪ್ಪತ್ತು ಬೇಕು, ಎಪ್ಪತ್ತೊಂದು ಬಂದಿತ್ತು. ಬೀದಿಯವರು ಹೋ ಎಂದರು. ಅಜ್ಜಿ ಎದೆಯೊಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಪೆನ್ನು ಹೊರತೆಗೆದಳು. ಎಲ್ಲರೂ ಆಯ್ಕೆದಾರನ ಕಡೆ ತಿರುಗಿದರು. ಅವನು ಎದ್ದು, ಗಂಟಲು ಸರಿಮಾಡಿಕೊಂಡ.

"ನಾನು ತುಂಬ ವರ್ಷದಿಂದ ಹುಡುಕ್ತಾ ಇದ್ದದ್ದು ಇವತ್ತು ಸಿಕ್ತು. ತಡ ಮಾಡೋದಿಲ್ಲ. ನಮ್ಮ ಕ್ಲಬ್ಬಿನ ಅಕಾಡೆಮಿಗೆ ಈ ಪ್ರೊಫೆ ಬೇಕು."

ಚಾಗೊ ಟೋಪಿ ತೆಗೆದರು. ಮೂವತ್ತು ವರ್ಷ ಈ ಮಣ್ಣಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡದ್ದು ಕೊನೆಗೂ ಯಾರಿಗೋ ಕೇಳಿಸಿತು.

"ನೀವಲ್ಲ, ಕ್ಷಮಿಸಿ" ಎಂದ ಆಯ್ಕೆದಾರ, ನಿಜಕ್ಕೂ ಸಂಕೋಚದಿಂದ. "ಅವರು. ನಮ್ಮಲ್ಲಿ ಓದು ಕಡ್ಡಾಯ. ದಿನಾ ಬೆಳಗ್ಗೆ ತರಗತಿ ಇದೆ, ಲೆಕ್ಕ ಇದೆ. ನಿಲ್ಲೋ ಪ್ರೊಫೆ ಮಾತ್ರ ಇಲ್ಲ. ಬಂದೋರೆಲ್ಲ ತಿಂಗಳಿಗೇ ಓಡಿಹೋಗ್ತಾರೆ. ಇವರು ನೋಡಿದ್ರೆ ಚೆಂಡು ಬಂದು ಬಡಿದ್ರೂ ಅಲುಗಲಿಲ್ಲ!"

"ಮತ್ತೆ ಹುಡುಗ?" ಎಂದಳು ಅಜ್ಜಿ.

"ಕೈ ಚೆನ್ನಾಗಿದೆ, ದೋನ್ಯಾ. ಆದ್ರೆ ಈ ವರ್ಷದ ಜಾಗ ತುಂಬಿದೆ. ಇನ್ನೂ ಒಂದು ವರ್ಷ ಬಲೀಲಿ. ನಾನೇ ಬಂದು ನೋಡ್ತೀನಿ."

ಚಾಗೊ ಟೋಪಿಯ ಮಣ್ಣು ಕೊಡವಿ ತಲೆಗಿಟ್ಟುಕೊಂಡು, ನೆರೇಯ್ದಾ ಅವರತ್ತ ಕೈ ಚಾಚಿದರು. "ಒಪ್ಕೊಳ್ಳಿ, ಅಮ್ಮಾ. ನಮ್ಮ ಮೈದಾನದಿಂದ ಒಬ್ಬರಾದ್ರೂ ಆಯ್ಕೆಯಾದ್ರು ಅಂತಾಗುತ್ತೆ."

ನೆರೇಯ್ದಾ ಮುರಿದ ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತ ಯೋಚಿಸಿದರು. "ಬರ್ತೀನಿ. ಆದ್ರೆ ಇವನ ಜೊತೆಗೇ. ಇನ್ನೊಂದು ವರ್ಷ ಇದೆ ಇವನಿಗೆ, ಕೊನೇ ತರಗತಿ. ಎಪ್ಪತ್ತೊಂದು ಒಂದು ಅಂಕವೇ? ಇವನನ್ನ ತೊಂಬತ್ತಕ್ಕೆ ತರ್ದೆ ನಾನು ಎಲ್ಲೂ ಹೋಗಲ್ಲ."

ಬೀದಿಯವರು ಚಪ್ಪಾಳೆ ತಟ್ಟಿದರು. ವಿಲ್ಕಿನ್ ಒಬ್ಬನೇ ಬೆಪ್ಪಾಗಿ ನಿಂತಿದ್ದ. ಒಂದು ವರ್ಷ ಇಲ್ಲಿ ಬೀಜಗಣಿತ. ಆಮೇಲೆ ಅದನ್ನು ಬಿಟ್ಟು ಓಡಿಹೋಗಬೇಕೆಂದಿದ್ದ ಜಾಗಕ್ಕೂ ಬೀಜಗಣಿತ ಕೊಡೆ ಹಿಡಿದು ಜೊತೆಯಲ್ಲೇ ಬರಲಿದೆ.

ಅಜ್ಜಿ ಪೆನ್ನಿನ ಮುಚ್ಚಳ ತೆಗೆದೇ ನಿಂತಿದ್ದಳು. "ಹಾಗಾದ್ರೆ ಇವತ್ತು ಸಹಿ ಎಲ್ಲೂ ಬೇಡ್ವಾ?" ಎಂದಳು, ಸ್ವಲ್ಪ ಸಣ್ಣ ದನಿಯಲ್ಲಿ.

ನೆರೇಯ್ದಾ ಅವಳ ಮುಖ ನೋಡಿದರು. "ಬೇಕು" ಎಂದು ಉತ್ತರಪತ್ರಿಕೆಯ ಕೊನೆಯ ಹಾಳೆ ತಿರುಗಿಸಿ ಕೊಟ್ಟರು. "ಮನೆಯ ಹಿರಿಯರು ನೋಡಿದ್ದಾರೆ ಅಂತ. ಇಲ್ಲಿ."

ಅಜ್ಜಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅದರಲ್ಲಿ ಏನು ಬರೆದಿದೆಯೆಂದು ಮೊಮ್ಮಗನ ಕೈಯಲ್ಲಿ ಓದಿಸಿದಳು, ತಪ್ಪಾದ ಲೆಕ್ಕಗಳನ್ನೂ ಬಿಡದೆ. ಆಮೇಲೆ ಅವನನ್ನು ಬಗ್ಗಿಸಿ ಬೆನ್ನ ಮೇಲೆ ಹಾಳೆ ಇಟ್ಟುಕೊಂಡಳು.

"ಅಲುಗಾಡ್ಬೇಡ ಕಣೋ."

ಬೆಳಗಿನಿಂದ ಒಂದು ಕಡೆ ನಿಲ್ಲಲಾಗದಿದ್ದ ಹುಡುಗ ಉಸಿರು ಹಿಡಿದು ಬಗ್ಗಿ ನಿಂತ. ಅಂಗಿಯ ಮೇಲಿಂದ ಪೆನ್ನಿನ ತುದಿ ಒಂದೊಂದೇ ಅಕ್ಷರವಾಗಿ, ಎಲ್ಲೂ ಅವಸರವಿಲ್ಲದೆ, ಬೆನ್ನಿಗೆ ಒತ್ತುತ್ತ ಹೋಯಿತು.